ಹೆಪ್ಪಿನಿಂದ ಸಿಡಿಮದ್ದಿನವರೆಗೆ
ಹಾಲಿಗೆ ಹೆಪ್ಪು ಹಾಕುವ ಗೃಹಿಣಿಯರು ಸೂಕ್ಷ್ಮಜೀವಿಗಳಿಂದ ಕೆಲಸ ಮಾಡಿಸುವ ವಿದ್ಯೆಯನ್ನು ಬಲ್ಲವರೇ ಸರಿ. ಅದೇ ವಿದ್ಯೆಯು ಮೊದಲ ಮಹಾಯುದ್ಧದ ಸಿಡಿಮದ್ದಿಗೂ ಒದಗಿದ ಸಂಗತಿಯನ್ನು ವಾಚಕರಿಗೆ ಅರುಹುವೆವು.

ಕಾರ್ಡೈಟೆಂಬ ಮದ್ದಿನ ತಯಾರಿಕೆಗೆ ಅಸಿಟೋನೆಂಬ ದ್ರಾವಕವು ಬೇಕಾಗಿತ್ತು. ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಅದನ್ನು ಪಡೆಯುತ್ತಿದ್ದರು. ರಾಶಿ ಕಟ್ಟಿಗೆಗೆ ದೊರೆಯುತ್ತಿದ್ದುದು ಅತ್ಯಲ್ಪ. 1915ರಲ್ಲಿ ಇಂಗ್ಲೆಂಡಿಗೆ ಅದರ ಅಭಾವವುಂಟಾಗಲು, ಮ್ಯಾಂಚೆಸ್ಟರಿನ ರಸಾಯನಶಾಸ್ತ್ರಜ್ಞ ಹೈಮ್ ವೈಜ್‌ಮನ್ನರ ಬ್ಯಾಕ್ಟೀರಿಯವೊಂದು ನೆರವಿಗೆ ಬಂದಿತು. ಮುಸುಕಿನಜೋಳದ ಗಂಜಿಯಲ್ಲಿ ಬಿಟ್ಟರೆ, ಅದರ ಕಿಣ್ವಗಳು ಪಿಷ್ಟವನ್ನು ಒಡೆದು ಅಸಿಟೋನನ್ನೂ ಬ್ಯುಟನಾಲನ್ನೂ ಕೊಡುತ್ತಿದ್ದವು. ಆ ಮಾರ್ಪಾಟಿಗೆ ಮೈಬಿಸಿಯಷ್ಟು ಶಾಖವೇ ಸಾಕು. ಕೂಲಿ ಕೇಳದ ಆಳುಗಳೇನೋ ನಿಜ. ಆದರೆ ಬಲು ಮಡಿವಂತರು! ಬೇರೊಂದು ಕ್ರಿಮಿ ಹೊಕ್ಕರೆ ತೊಟ್ಟಿಯೆಲ್ಲ ಕೆಡುವುದು.

1917ರಲ್ಲಿ ಜೋಳವು ದುರ್ಲಭವಾಗಿ, ಶಾಲೆಯ ಮಕ್ಕಳು ಹಾರ್ಸ್ ಚೆಸ್ಟ್‌ನಟ್ ಎಂಬ ಮರದ ಬೀಜಗಳನ್ನು ಆಯ್ದು ತಂದರು. ಏತಕ್ಕೆಂದು ಅವರಿಗೆ ತಿಳಿಸಿರಲಿಲ್ಲ. ಬಹಳಷ್ಟು ಬೀಜವು ರೈಲ್ವೆ ನಿಲ್ದಾಣಗಳಲ್ಲಿಯೇ ಕೊಳೆತುಹೋಯಿತು.