ಎದೆನೋವಿನಿಂದ ಇಸಿಜಿವರೆಗೆ

ಹೃದಯಾಘಾತವಾದವರು ಆಸ್ಪತ್ರೆ ಮುಟ್ಟಲು ನಮ್ಮ ದೇಶದಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಅಳೆದ ದೊಡ್ಡ ಅಧ್ಯಯನವೊಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ ನಡೆದಿದೆ. ಡಾ. ಡೆನಿಸ್ ಕ್ಸೇವಿಯರ್, ಡಾ. ಪ್ರೇಮ್ ಪೈಸ್ ಮತ್ತು ಸಂಗಡಿಗರು 89 ಆಸ್ಪತ್ರೆಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಕಲೆಹಾಕಿ, 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರ ಹೆಸರು ‘ಕ್ರಿಯೇಟ್’. ನೋವು ಶುರುವಾದ ಮೇಲೆ ಆಸ್ಪತ್ರೆ ಸೇರಲು ಅರ್ಧದಷ್ಟು ರೋಗಿಗಳಿಗೆ 360 ನಿಮಿಷ ಅಥವಾ ಅದಕ್ಕೂ ಹೆಚ್ಚು ಹಿಡಿದಿತ್ತು. ಆರು ಗಂಟೆ!

ಹೃದಯಕ್ಕೆ ರಕ್ತ ಉಣಿಸುವ ನಾಳಗಳ ಅಗಲ ಮೂರು-ನಾಲ್ಕು ಮಿಲಿಮೀಟರ್ ಅಷ್ಟೇ. ಅವುಗಳ ಗೋಡೆಯಲ್ಲಿ ಕೊಬ್ಬು ಕೂಡಿಕೊಳ್ಳುವುದು ಹರೆಯದಲ್ಲೇ ಮೊದಲಾಗುತ್ತದೆ. ಕೊರಿಯಾ ಯುದ್ಧದಲ್ಲಿ ಸತ್ತ ಅಮೆರಿಕದ 300 ಸೈನಿಕರ ಹೃದಯ ಪರೀಕ್ಷಿಸಿದ ವೈದ್ಯರು 1953ರಲ್ಲೇ ಇದನ್ನು ಕಂಡರು. ಆ ಸೈನಿಕರ ಸರಾಸರಿ ವಯಸ್ಸು 22. ಆದರೆ ಹೃದಯಾಘಾತ ಆಗುವುದು ನಾಳ ನಿಧಾನಕ್ಕೆ ಕಿರಿದಾಗಿ ಕೊನೆಗೆ ಮುಚ್ಚಿಕೊಳ್ಳುವುದರಿಂದಲೇ ಅಲ್ಲ. ಬಹಳ ಸಲ ಅರ್ಧವೂ ಕಟ್ಟಿರದ ನಾಳದಲ್ಲಿ ಕೊಬ್ಬಿನ ಮೇಲಿನ ಪೊರೆ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ತೂಬು ಮುಚ್ಚಿದ ಉಪಕಾಲುವೆಯ ಕೊನೆಯಂಚಿನ ಗದ್ದೆಯಂತೆ, ಅದರಾಚೆಗಿನ ಸ್ನಾಯು ಆ ಗಳಿಗೆಯಿಂದ ಸಾಯತೊಡಗುತ್ತದೆ. ಆರು ಗಂಟೆಯ ಹೊತ್ತಿಗೆ ಉಳಿಸಲು ಹೆಚ್ಚೇನೂ ಉಳಿದಿರುವುದಿಲ್ಲ.

ಹೆಪ್ಪು ಕರಗಿಸುವ ಔಷಧದಿಂದ ಜೀವ ಉಳಿಯುತ್ತದೆಂದು 1986ರಲ್ಲಿ ಇಟಲಿಯ ‘ಜಿಸ್ಸಿ’ ಅಧ್ಯಯನ ಸಾಬೀತು ಮಾಡಿತು. ಒಟ್ಟಾರೆ ಸಾವು ನೂರಕ್ಕೆ 18ರಷ್ಟು ತಗ್ಗಿದರೆ, ನೋವು ಶುರುವಾದ ಒಂದು ಗಂಟೆಯೊಳಗೆ ಔಷಧ ಸಿಕ್ಕವರಲ್ಲಿ 47ರಷ್ಟು ತಗ್ಗಿತು. ಔಷಧ ಅದೇ, ಫಲ ಬೇರೆ. ವ್ಯತ್ಯಾಸವೆಲ್ಲ ಸಮಯದ್ದು.

‘ಕ್ರಿಯೇಟ್’ ಅಧ್ಯಯನದ ಇನ್ನೊಂದು ಅಂಶ ನನ್ನನ್ನು ಇವತ್ತಿಗೂ ಕಾಡುತ್ತದೆ. ಮೂವತ್ತು ದಿನದೊಳಗೆ ತೀರಿಕೊಂಡವರು ಶ್ರೀಮಂತರಲ್ಲಿ ನೂರಕ್ಕೆ 5.5, ಬಡವರಲ್ಲಿ 8.2. ಕಾಯಿಲೆಗೆ ಕಾರಣವಾಗುವ ಅಂಶಗಳನ್ನೆಲ್ಲ ಲೆಕ್ಕಕ್ಕೆ ಹಿಡಿದು ನೋಡಿದರೂ ಈ ಅಂತರ ಹೋಗಲಿಲ್ಲ. ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತಂದಾಗ ಹೋಯಿತು. ಅಂದರೆ ಬಡವರ ಮೈಯಲ್ಲಿ ಕೊರತೆಯಿರಲಿಲ್ಲ, ಅವರಿಗೆ ಸಿಕ್ಕ ಚಿಕಿತ್ಸೆಯಲ್ಲಿತ್ತು.

ಕೊಪ್ಪಳ ಜಿಲ್ಲೆಗೆ ಸಮಯದ ಈ ಲೆಕ್ಕವನ್ನು ಹಚ್ಚಿ ನೋಡಿ. ಕುಷ್ಟಗಿ ತಾಲ್ಲೂಕಿನ ಹನುಮಸಾಗರದಲ್ಲೋ ಯಲಬುರ್ಗಾ ತಾಲ್ಲೂಕಿನ ಬೇವೂರಿನಲ್ಲೋ ನಡುರಾತ್ರಿ ಒಬ್ಬರಿಗೆ ಎದೆ ಹಿಡಿಯುತ್ತದೆ. “ಗ್ಯಾಸ್ ಆಗೇತಿ ಬಿಡ್ರಿ, ಸೋಡಾ ಕುಡದ್ರ ಇಳೀತೈತಿ” ಎನ್ನುವಲ್ಲಿ ಒಂದು ತಾಸು ಹೋಗುತ್ತದೆ. ಬೆಳಕಾಗಲೆಂದು ಕಾಯುವಲ್ಲಿ ಮೂರು-ನಾಲ್ಕು ತಾಸು. ಆಮೇಲೆ ಗಾಡಿ ಹುಡುಕಿ ಹೊರಟರೂ ಹುಬ್ಬಳ್ಳಿ, ಬಳ್ಳಾರಿ ದೂರ. 371 ಹಾಸಿಗೆಗಳ ಜಯದೇವ ಆಸ್ಪತ್ರೆಯ ಹೊಸ ಕಟ್ಟಡ 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ತೆರೆಯಿತು. ಕಲ್ಯಾಣ ಕರ್ನಾಟಕಕ್ಕೆ ಅದು ದೊಡ್ಡ ಬಲ. ಆದರೂ ಕಲಬುರಗಿ ಮೊದಲ ಗಂಟೆಯಲ್ಲಿ ಮುಟ್ಟುವ ಊರಲ್ಲ.

ಹೀಗಾಗಿ ಮೊದಲ ಚಿಕಿತ್ಸೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬೇಕು. ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯ ತಿರುಳು ಇದೇ. 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ಅಗಲಿದ ನಟನ ಹೆಸರು ಹೊತ್ತ ಈ ಯೋಜನೆಯಲ್ಲಿ, ಸಣ್ಣ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ಕೆಲವೇ ನಿಮಿಷಗಳಲ್ಲಿ ಓದಿ ಹೇಳುತ್ತಾರೆ. ನಾಳ ಕಟ್ಟಿರುವುದು ಖಚಿತವಾದರೆ ಟೆನೆಕ್ಟೆಪ್ಲೇಸ್ ಎಂಬ, ಹೊರಗೆ ಕೊಂಡರೆ ಸಾವಿರಾರು ರೂಪಾಯಿಯ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದವರಿಗೆ ಇದನ್ನು ಕೊಡುವಂತಿಲ್ಲ. ಕೊಟ್ಟವರನ್ನೂ ಸಾಧ್ಯವಾದರೆ ಒಂದು ದಿನದೊಳಗೆ ಆಂಜಿಯೋಗ್ರಾಮ್ ಇರುವ ಕಡೆ ಕಳಿಸಬೇಕು.

ಕಾಯಿಲೆಯ ಬೇರನ್ನು ಹುಡುಕಿದ ಕೆಲಸವೂ ಬೆಂಗಳೂರಿನಲ್ಲಿ ನಡೆದಿದೆ. ಹೃದಯಾಘಾತವಾದ 200 ಮಂದಿಯನ್ನು ಆಗದ 200 ಮಂದಿಯೊಂದಿಗೆ ಹೋಲಿಸಿ ಡಾ. ಪೈಸ್ ತಂಡ 1996ರಲ್ಲಿ ವರದಿ ಮಾಡಿತು: ಎಲ್ಲಕ್ಕಿಂತ ದೊಡ್ಡ ಕಾರಣ ಧೂಮಪಾನ. ರಕ್ತದ ಸಕ್ಕರೆ ‘ಸಕ್ಕರೆ ಕಾಯಿಲೆ’ ಎನ್ನುವ ಮಟ್ಟ ಮುಟ್ಟುವ ಮೊದಲೇ ಅಪಾಯ ಏರುತ್ತಿತ್ತು. ಭತ್ತದ ನಾಡಾದ ಗಂಗಾವತಿಯಲ್ಲಿ ಅನ್ನವನ್ನೊಂದೇ ದೂರುವವರಿದ್ದಾರೆ. ಬೀಡಿ ಬಿಡದೆ ಅನ್ನ ಬಿಟ್ಟರೆ ಏನು ಬಂತು? 52 ದೇಶಗಳ ‘ಇಂಟರ್‌ಹಾರ್ಟ್’ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸುಮಾರು 53ರ ವಯಸ್ಸಿಗೆ, ಉಳಿದವರಿಗೆ 59ರ ಹತ್ತಿರ. ದುಡಿದು ಮನೆ ನಡೆಸುವ ವಯಸ್ಸಿನಲ್ಲೇ ಆರು ವರ್ಷ ಕಡಿಮೆ.

ಇನ್ನೊಂದು ಮಾತು ಹೊಲ ಮಾರಲು ಹೊರಟವರಿಗೆ. ಹೃದಯಾಘಾತ ಆಗಿಲ್ಲ, ನೋವು ಹತೋಟಿಯಲ್ಲಿದೆ, ಆಂಜಿಯೋಗ್ರಾಮಿನಲ್ಲಿ ‘ಬ್ಲಾಕ್’ ಕಂಡಿದೆ ಅಷ್ಟೇ ಎನ್ನುವವರಲ್ಲಿ ಹಲವರಿಗೆ ಸ್ಟೆಂಟ್ ತುರ್ತಲ್ಲ. ಐದು ಸಾವಿರಕ್ಕೂ ಹೆಚ್ಚು ರೋಗಿಗಳ ‘ಇಸ್ಕೀಮಿಯಾ’ ಅಧ್ಯಯನ 2020ರಲ್ಲಿ ತೋರಿಸಿದಂತೆ, ಇಂಥವರಲ್ಲಿ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ್ದರಿಂದ ಸಾವು ಕಡಿಮೆಯಾಗಲಿಲ್ಲ. ಎದೆನೋವು ಮಾತ್ರ ಹೆಚ್ಚು ಇಳಿಯಿತು. ಎಡಗಡೆಯ ಮುಖ್ಯ ನಾಳವೇ ಕಟ್ಟಿದ್ದವರು ಆ ಅಧ್ಯಯನದಲ್ಲಿ ಇರಲಿಲ್ಲ. ಅವರ ದಾರಿ ಬೇರೆ.

ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ನೋವೇ ಇಲ್ಲದೆ ಬರೀ ಬೆವರು, ಉಬ್ಬಸ, ಸುಸ್ತು ಕಾಣಬಹುದು. ಆಗಲೂ 108ಕ್ಕೆ ಕರೆ ಮಾಡಿ ಇಸಿಜಿ ಮಾಡಿಸಬೇಕು. ಮೊದಲ ಇಸಿಜಿ ಸರಿಯಿದೆ ಎಂದರೂ ನೋವು ನಿಲ್ಲದಿದ್ದರೆ ಮನೆಗೆ ಮರಳಬಾರದು. ಅಲ್ಲೇ ಕುಳಿತು, ಅರ್ಧ ಗಂಟೆಯೊಳಗೆ ಇನ್ನೊಮ್ಮೆ ತೆಗೆಯಲು ಕೇಳಬೇಕು.