ಕಪ್ಪಿನೊಳಗಿನ ಮಣ್ಣು

ಕೊಪ್ಪಳದ ಜವಾಹರ ರಸ್ತೆಯ ಗದ್ದಲ ಬಿಟ್ಟು ಒಳಗಿನ ಓಣಿಗೆ ಹೊರಳಿದರೆ ಸಿಗುವ ಆ ಸೈಕಲ್ ಅಂಗಡಿಗೆ ಬೋರ್ಡಿಲ್ಲ. ಬೇವಿನ ಟೊಂಗೆಗೆ ನೇತುಹಾಕಿದ ಹರಿದ ಟಯರೇ ಬೋರ್ಡು. ಮುಂದೆ ಪಂಚರ್ ನೋಡುವ ನೀರಿನ ಬುಟ್ಟಿ, ಅದರ ಮಗ್ಗುಲಿಗೆ ಕೈಪಂಪು, ವರ್ಷಗಟ್ಟಲೆ ಎಣ್ಣೆ ಕುಡಿದು ಕರ್ರಗಾದ ನೆಲ. ಒಳಗೆ ಗೋಡೆಗೆ ಒರಗಿ ನಿಂತ ಹಳೇ ಸೈಕಲ್ಲುಗಳಲ್ಲಿ ಒಂದಕ್ಕೆ ಸೀಟಿಲ್ಲ, ಇನ್ನೊಂದಕ್ಕೆ ಮುಂದಿನ ಗಾಲಿಯೇ ಇಲ್ಲ. ಬಿಡಿಭಾಗವೆಲ್ಲ ತಗಡಿನ ಡಬ್ಬಿಗಳಲ್ಲಿವೆ. ಯಾವ ಡಬ್ಬಿಯಲ್ಲಿ ಏನಿದೆ ಎಂಬುದು ಅಂಗಡಿಯ ಚಾಚಾಗೆ ಮಾತ್ರ ಗೊತ್ತು. ಗೋಣಿಚೀಲ ಹಾಸಿಕೊಂಡು ಕುಕ್ಕರಗಾಲಲ್ಲಿ ಕೂತರೆ ಮಧ್ಯಾಹ್ನದ ನಮಾಜಿನ ಹೊತ್ತಿಗೇ ಏಳುವುದು.

ಗಿಣಿಗೇರಿ ಕಡೆಯ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ ಮಾಡುವ ಹುಡುಗನೊಬ್ಬ ಕರಿ ಬಣ್ಣದ ಗಂಡಸರ ಸೈಕಲ್ ತಳ್ಳಿಕೊಂಡು ಬಂದ. ಕೂತು ತುಳಿದುಕೊಂಡು ಬರದೆ ತಳ್ಳಿಕೊಂಡು ಬಂದನೆಂದರೆ ಅರ್ಧ ಕತೆ ಅಲ್ಲೇ ತಿಳಿಯಿತು.

"ಎಲ್ಲಿಂದ ತಂದಿ ತಮ್ಮಾ?"

"ಗಂಗಾವತಿ ಕಡಿ ಒಬ್ರು ಮಾರಿದ್ರು ಚಾಚಾ. ನೋಡಾಕ ಚಲೋ ಐತಿ. ತುಳದ್ರ ಕಟ್ ಕಟ್ ಅಂತೈತಿ."

"ಒಂದ್ ಸುತ್ತಿಗೆ ಒಮ್ಮೆ ಅಂತೈತೋ, ಎರಡು ಸಲವೋ?"

ಹುಡುಗ ಎಣಿಸಿರಲಿಲ್ಲ. ಚಾಚಾ ಎಣಿಸಲಿಕ್ಕೂ ಹೋಗಲಿಲ್ಲ. ಎರಡು ಪೆಡಲುಗಳ ಕ್ರ್ಯಾಂಕನ್ನು ಎರಡು ಕೈಯಲ್ಲಿ ಹಿಡಿದು, ಸೈಕಲ್ಲಿನ ಅಡ್ಡಕ್ಕೆ, ಒಮ್ಮೆ ತನ್ನ ಕಡೆ ಒಮ್ಮೆ ಆಚೆ ಅಲುಗಿಸಿದರು. ಎರಡೂ ಕ್ರ್ಯಾಂಕು ಕೂಡಿಯೇ ಅಲುಗಿದರೆ ನಡುವಿನ ಬಿ.ಬಿ. (ಎಕ್ಸೆಲ್ ತಿರುಗುವ ಬಾಟಮ್ ಬ್ರ್ಯಾಕೆಟ್) ಸಡಿಲಾಗಿದೆ, ಒಂದೇ ಕ್ರ್ಯಾಂಕು ಅಲುಗಿದರೆ ಅದನ್ನು ಎಕ್ಸೆಲ್ಲಿಗೆ ಬಿಗಿದ ಕಾಟರ್ ಪಿನ್ನು ಸವೆದಿದೆ, ಕ್ರ್ಯಾಂಕು ಗಟ್ಟಿಯಿದ್ದು ಪೆಡಲಷ್ಟೇ ಒಲೆದರೆ ತಪ್ಪು ಪೆಡಲಿನದು. ಸೆಕೆಂಡ್ ಹ್ಯಾಂಡ್ ಸೈಕಲ್ ಕೊಳ್ಳುವವರು ಬಣ್ಣ, ಗಂಟೆ, ಟಯರಿನ ಗುಬ್ಬಿ ನೋಡುತ್ತಾರೆ. ರೊಕ್ಕ ಕೊಡುವ ಮೊದಲು ಇದೊಂದು ಅಲುಗಾಟ ನೋಡಿದರೆ ಮಾರುವವನ ಬಾಯಿ ಅರ್ಧ ಮುಚ್ಚುತ್ತದೆ. ಈ ಸೈಕಲ್ಲಿನಲ್ಲಿ ಮೊದಲಿನ ಎರಡೂ ರೋಗವಿತ್ತು: ಎಡ ಕ್ರ್ಯಾಂಕು ತಾನೊಂದೇ ಕುಣಿಯಿತು, ಆಮೇಲೆ ಎರಡೂ ಸೇರಿ ಕುಣಿದವು.

ಚೈನು ಇಳಿಸಿ ಕ್ರ್ಯಾಂಕನ್ನು ಬರಿದೇ ತಿರುಗಿಸಿ, ಇನ್ನೊಂದು ಕೈಯನ್ನು ಸೀಟಿನ ಕೆಳಗಿನ ಕೊಳವೆಗೆ ಇಟ್ಟರು. ಒಳಗೆ ಮರಳು ಅರೆಯುತ್ತಿದ್ದರೆ ಕಿವಿಗಿಂತ ಮೊದಲು ಅಂಗೈಗೆ ತಿಳಿಯುತ್ತದೆಯಂತೆ. ನಾನೂ ಕೈಯಿಟ್ಟು ನೋಡಿದೆ. ಜುಮುಜುಮು ಎಂದಿತು.

ಕಾಟರ್ ತೆಗೆಯುವುದು ಈ ಕೆಲಸದಲ್ಲಿ ಅತಿ ಕಿರಿಕಿರಿಯ ಭಾಗ. ಹೊಸಬರು ನಟ್ಟು ಪೂರ್ತಿ ಬಿಚ್ಚಿ ಸುತ್ತಿಗೆ ಬೀಸುತ್ತಾರೆ; ಪಿನ್ನಿನ ತುದಿ ಚಪ್ಪಟೆಯಾಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಚಾಚಾ ನಟ್ಟನ್ನು ಪಿನ್ನಿನ ತುದಿಯ ಸಮಕ್ಕೆ ತಂದು ನಿಲ್ಲಿಸಿದರು. ಕ್ರ್ಯಾಂಕಿನ ಕೆಳಗೆ ಒಂದು ಗಿಡ್ಡ ಕಬ್ಬಿಣದ ಪೈಪನ್ನು ನೆಲಕ್ಕೆ ಊರಿ ನಿಲ್ಲಿಸಿದರು. ಹೊಡೆತ ಬಿ.ಬಿ.ಯೊಳಗಿನ ಗುಂಡುಗಳ ಮೇಲೆ ಬೀಳದೆ ಪೈಪಿನ ಮೂಲಕ ನೆಲಕ್ಕಿಳಿಯಲಿ ಅಂತ. ನಾಲ್ಕು ಸಣ್ಣ ಏಟಿಗಿಂತ ಒಂದು ದೊಡ್ಡ ಏಟು ವಾಸಿ. ಒಂದೇ ಏಟು ಬಿತ್ತು, ಪಿನ್ನು ಹೊರಬಂತು. ಅದರ ಚಪ್ಪಟೆ ಮೈಯಲ್ಲಿ ಎಕ್ಸೆಲ್ ತಿಂದ ಗುಳಿ ಬೆರಳಿಗೆ ಸಿಗುವಷ್ಟು ಆಳವಿತ್ತು. ಕಟ್ ಕಟ್ ಎನ್ನುತ್ತಿದ್ದದ್ದು ಅದೇ.

ಸೈಕಲ್ ಬೋರಲು ಬಿತ್ತು. ಎಡಗಡೆಯ ಲಾಕ್ ರಿಂಗಿನ ಕಚ್ಚಿಗೆ ಉಳಿಯ ಮೂಲೆ ಕೊಟ್ಟು ತಟ್ಟಿ ಸಡಿಲಿಸಿದರು. ಇದಕ್ಕೆಂದೇ ಕೊಕ್ಕೆಯ ಪಾನಾ ಬರುತ್ತದೆ. ಚಾಚಾನ ಡಬ್ಬಿಯಲ್ಲೂ ಒಂದಿದೆ, ಆದರೆ ಕೈ ಮೊದಲು ಉಳಿಗೇ ಹೋಗುತ್ತದೆ. ಗುಂಡುಗಳು ಕೂರುವ ಬಟ್ಟಲು, ಅಂದರೆ ಕಪ್ಪು, ತಿರುಗಿ ಹೊರಬರುತ್ತಿದ್ದಂತೆ ಕೆಳಗೆ ಹಳೇ ತಟ್ಟೆ ಹಿಡಿದರು. ಗುಂಡುಗಳು ಬೀಳಲಿಲ್ಲ. ತುಕ್ಕು ಹಿಡಿದ ನೀರು ಒಂದು ಚಮಚದಷ್ಟು ಬಿತ್ತು, ಅದರ ಹಿಂದೆ ಕೆಸರು.

"ಗಂಗಾವತಿ!" ಎಂದರು ಚಾಚಾ, ಊರಿನ ಹೆಸರಿನ ಪಾಟಿ ಓದಿದವರ ಹಾಗೆ.

ಈ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಇದ್ದದ್ದು ನಾಲ್ಕೇ ತಾಲೂಕು. ಆಮೇಲೆ ಕಾರಟಗಿ, ಕನಕಗಿರಿ, ಕುಕನೂರು ಸೇರಿ ಏಳಾದವು. ಚಾಚಾನ ಲೆಕ್ಕ ಇನ್ನೂ ನಾಲ್ಕರಲ್ಲೇ ನಿಂತಿದೆ, ಯಾಕೆಂದರೆ ಅವರು ಎಣಿಸುವುದು ಕಪ್ಪಿನೊಳಗೆ ಸಿಗುವ ಮಣ್ಣನ್ನು. ಗಂಗಾವತಿಯದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಭತ್ತದ ಗದ್ದೆಯ ಬದುವಿನ ಮೇಲೆ ಓಡಾಡುವ, ಕಾಲುವೆ ದಂಡೆಯಲ್ಲಿ ಮಲಗುವ ಸೈಕಲ್ಲಿಗೆ ನೀರು ಎರಡು ದಾರಿಯಿಂದ ಇಳಿಯುತ್ತದೆ: ಕಪ್ಪಿನ ಸಂದಿಯಿಂದ, ಮತ್ತು ಯಾರ ಲಕ್ಷ್ಯಕ್ಕೂ ಬಾರದ ಸೀಟಿನ ಕೊಳವೆಯಿಂದ. ಮಳೆಯಲ್ಲಿ ನಿಂತ ಸೈಕಲ್ಲಿನ ಸೀಟಿನ ಬುಡದಿಂದ ಹನಿ ಜಾರಿ ನೇರ ಬಿ.ಬಿ.ಯೊಳಗೆ ಸೇರಿದರೆ ಹೊರಗೆ ಹೋಗಲು ದಾರಿಯಿಲ್ಲ. ಗ್ರೀಸು ಕೆನೆಯಾಗಿ, ಕೆನೆ ಕೆಸರಾಗಿ, ಕಡೆಗೆ ಉಕ್ಕನ್ನು ತುಕ್ಕು ತಿನ್ನುತ್ತದೆ.

ಯಲಬುರ್ಗಾದ ಸೈಕಲ್ಲಿನಲ್ಲಿ ಸಿಗುವುದು ಎರಿ ಮಣ್ಣು. ಮಳೆಗಾಲದಲ್ಲಿ ಮಡ್‌ಗಾರ್ಡಿಗೆ ಅಂಟಿ ಗಾಲಿಯನ್ನೇ ನಿಲ್ಲಿಸುವ ಆ ಮಣ್ಣು ಬೇಸಗೆಗೆ ಕಪ್ಪಿನ ಬಾಯಿಯಲ್ಲಿ ಹಪ್ಪಳದಂತೆ ಒಣಗಿ ಕೂತಿರುತ್ತದೆ. ಉಪಕಾರವೆಂದರೆ, ಅದೇ ಬಿರಡೆಯಾಗಿ ಒಳಗಿನ ಗ್ರೀಸು ಉಳಿಯುವುದೂ ಉಂಟು. ಕುಷ್ಟಗಿಯ ಮಸಾರಿ ಹಾಗಲ್ಲ. ಕೆಂಪು ಮರಳು ಒಣಗಿದ್ದೇ ಗಾಳಿಗೆ ಹಾರಿ ಒಳಸೇರಿ, ಗ್ರೀಸಿನೊಂದಿಗೆ ಕಲೆತು, ಗುಂಡುಗಳನ್ನು ಅರೆಯುತ್ತದೆ. ಅಲ್ಲಿಯ ಸೈಕಲ್ಲಿನ ಎಕ್ಸೆಲ್ ತುಕ್ಕು ಹಿಡಿದಿರುವುದಿಲ್ಲ, ಬೆಳ್ಳಗೆ ಹೊಳೆಯುತ್ತಿರುತ್ತದೆ. ಹೊಳಪು ನೋಡಿ ಮೋಸ ಹೋಗಬಾರದು. ಇನ್ನು ಕೊಪ್ಪಳದ್ದು ಗಿಣಿಗೇರಿ ಸುತ್ತಿನ ಕಾರ್ಖಾನೆ ರಸ್ತೆಯ ಕರಿ ಧೂಳು. "ಅದು ಮಣ್ಣಲ್ಲ, ಅದಕ್ಕ ಹೆಸರಿಲ್ಲ" ಎಂದು ಚಾಚಾ ಕೈ ಒರೆಸಿಕೊಂಡರು.

ಗುಂಡುಗಳನ್ನು ತಟ್ಟೆಯಲ್ಲಿ ಡೀಸೆಲ್ ಹಾಕಿ ತೊಳೆದರು. ಮೊದಲೆಲ್ಲ ಚಿಮಣಿ ಎಣ್ಣೆ. ರೇಶನ್ನಿನಲ್ಲಿ ಅದು ಸಿಗದಾದ ಮೇಲೆ ಡೀಸೆಲ್ಲೇ ಗತಿ. ಕಾಲಿಂಚಿನ ಗುಂಡು, ಒಂದೊಂದು ಬದಿಗೆ ಹನ್ನೊಂದು. ಬಲಗಡೆಯವು ಪೂರಾ ಇದ್ದವು. ಎಡಗಡೆ ಸಿಕ್ಕಿದ್ದು ಒಂಬತ್ತು, ಅದರಲ್ಲೂ ಎರಡು ಒಡೆದಿದ್ದವು. ಎಕ್ಸೆಲ್ಲಿನ ಮೇಲೆ ಗುಂಡು ಓಡುವ ದಾರಿಯನ್ನು ಬಟ್ಟೆಯಿಂದ ಒರೆಸಿ, ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಎಳೆದರು. ಉಗುರು ಜಾರಿಹೋದರೆ ಇನ್ನೂ ಬಾಳುತ್ತದೆ. ಇದರ ಮೇಲೆ ಮೂರು ಕಡೆ ತಡೆಯಿತು. "ಇದು ಗುಜರಿಗೆ." ಎಡಗಡೆಯ ಕಪ್ಪಿನಲ್ಲೂ ಗುಳಿ. ಬಲಗಡೆಯ ಕಪ್ಪನ್ನು ಬಿಚ್ಚಲಿಲ್ಲ. ಕೊಳವೆಯೊಳಗೆ ಮೊಬೈಲಿನ ಬೆಳಕು ಬಿಡಿಸಿ, ಒದ್ದೆ ಬಟ್ಟೆ ತಿರುವಿ, ಅಲ್ಲಿಂದಲೇ ನೋಡಿ ಪಾಸು ಮಾಡಿದರು. ಚೈನಿನ ಕಡೆಯ ಆ ಕಪ್ಪಿಗೆ ಉಲ್ಟಾ ಥ್ರೆಡ್ಡು. ತುಳಿಯುತ್ತ ತುಳಿಯುತ್ತ ಗುಂಡುಗಳ ಉರುಳಾಟಕ್ಕೆ ಕಪ್ಪು ತಾನಾಗಿ ಎಡಕ್ಕೆ ಬಿಚ್ಚಿಕೊಳ್ಳಬಾರದೆಂದು ಇಂಗ್ಲಿಷ್ ಪದ್ಧತಿಯ ಸೈಕಲ್ಲಿನಲ್ಲಿ ಮಾಡಿಕೊಂಡ ಉಪಾಯವದು. ಪೆಡಲಿನಲ್ಲಿ ಎಡಗಡೆಯದು ಉಲ್ಟಾ, ಬಿ.ಬಿ.ಯಲ್ಲಿ ಬಲಗಡೆಯದು. ಇದು ಗೊತ್ತಿಲ್ಲದವರು ಬಿಚ್ಚಲು ಹೋಗಿ ಇನ್ನಷ್ಟು ಬಿಗಿದು ಥ್ರೆಡ್ಡನ್ನೇ ಹಾಳುಮಾಡುತ್ತಾರೆ.

ಹೊಸ ಎಕ್ಸೆಲ್ ಸಿಗುತ್ತದೋ ಇಲ್ಲವೋ ಎಂದು ಹುಡುಗನಿಗೆ ಚಿಂತೆ. ಸೈಕಲ್ ಅಟ್ಲಾಸ್ ಕಂಪನಿಯದು. 1951ರಲ್ಲಿ ಸೋನಿಪತ್‌ನಲ್ಲಿ ಹುಟ್ಟಿದ ಆ ಕಂಪನಿ ಸಾಹಿಬಾಬಾದಿನ ಕಾರ್ಖಾನೆಯನ್ನು ಮುಚ್ಚಿದ್ದು 2020ರ ಜೂನ್ 3ರಂದು, ಅಂದರೆ ವಿಶ್ವ ಸೈಕಲ್ ದಿನದಂದೇ. ಆದರೆ ಈ ಕರಿ ಸೈಕಲ್ಲುಗಳ ಹೊಟ್ಟೆಯೆಲ್ಲ ಒಂದೇ ಅಳತೆ. ಲುಧಿಯಾನಾದಲ್ಲಿ ಮಾಡಿದ ಎಕ್ಸೆಲ್ ಯಾವ ಹೆಸರಿನ ಸೈಕಲ್ಲಿಗೂ ಕೂರುತ್ತದೆ. ಗೇರು, ಸಸ್ಪೆನ್ಶನ್ನು ಹಚ್ಚಿಕೊಂಡು ಬರುವ ಈಗಿನ ಸೈಕಲ್ಲಿಗೆ ಈ ಭಾಗ್ಯವಿಲ್ಲ, ಹಲವದರಲ್ಲಿ ಬಿ.ಬಿ. ಎಂಬುದು ಬಿಚ್ಚಿ ತೊಳೆಯಲು ಬಾರದ ಮುಚ್ಚಿದ ಡಬ್ಬಿ, ಕೆಟ್ಟರೆ ಪೂರ್ತಿ ಬಿಸಾಡಬೇಕು. ಕರಿ ಸೈಕಲ್ಲನ್ನೇ ಕೊಂಡ ಹುಡುಗ ಜಾಣನೆಂದು ನನಗನಿಸಿತು.

ಡಬ್ಬಿಯಿಂದ ಬಂದ ಹೊಸ ಎಕ್ಸೆಲ್ಲನ್ನು ಚಾಚಾ ಬೆಳಕಿಗೆ ಹಿಡಿದು ಬೆರಳಲ್ಲಿ ತಿರುಗಿಸಿದರು, ಸೊಟ್ಟಗಿದೆಯೇ ಎಂದು. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯದಲ್ಲಿ ತಿರುಗಣಿ ಹಿಡಿದು ತೀಡಿದ ಕಂಬಗಳಿವೆ, ಅವುಗಳ ಮೈಮೇಲಿನ ಬಳೆಗಳಲ್ಲಿ ಎಲ್ಲೂ ಉಗುರು ತಡೆಯುವುದಿಲ್ಲ. ಆ ಊರಿರುವ ಸೀಮೆಯಲ್ಲೇ ಕೂತು ಲುಧಿಯಾನಾದ ದುಂಡನ್ನು ಅನುಮಾನಿಸುವ ಹಕ್ಕು ಚಾಚಾಗೆ ಇದ್ದೇ ಇದೆ.

ಗ್ರೀಸು ಧಾರಾಳ. ಕಪ್ಪಿನ ತುಂಬ ಮೆತ್ತಿ, ಗುಂಡುಗಳನ್ನು ಒಂದೊಂದಾಗಿ ಅದರಲ್ಲಿ ಒತ್ತಿ ಕೂರಿಸಿದರು. ಹನ್ನೊಂದು ಕೂತ ಮೇಲೂ ಒಂದಿಷ್ಟು ಸಂದಿ ಉಳಿಯುತ್ತದೆ. ಅಲ್ಲಿಗೆ ಹನ್ನೆರಡನೆಯದನ್ನು ತುರುಕುವ ಆಸೆಯಾಗುತ್ತದೆ, ತುರುಕಬಾರದು. ಹೊಸ ಎಡ ಕಪ್ಪನ್ನು ಕೈಯಲ್ಲೇ ತಿರುವಿ ಬಿಗಿಮಾಡಿ, ಆಮೇಲೆ ಕೊಂಚ ಹಿಂದೆ ಬಿಟ್ಟರು. ಬಿಗಿಯಾದರೆ ಗುಂಡು ಕಪ್ಪನ್ನು ಕಡಿಯುತ್ತದೆ, ಸಡಿಲಾದರೆ ಬಡಿಯುತ್ತದೆ. ಕಪ್ಪನ್ನು ಅಲುಗದಂತೆ ಹಿಡಿದು ಲಾಕ್ ರಿಂಗ್ ಬಿಗಿದರು. ರಿಂಗಿನ ಜೊತೆ ಕಪ್ಪೂ ಜರುಗಿತು. ಬಿಚ್ಚಿ ಮತ್ತೆ. ಈ ಒಂದು ಕೂದಲೆಳೆಯ ಹೊಂದಾಣಿಕೆಗೆ ಹಿಡಿದ ಹೊತ್ತು ಉಳಿದೆಲ್ಲ ಕೆಲಸಕ್ಕೂ ಹಿಡಿದಿರಲಿಲ್ಲ.

ಅಷ್ಟರಲ್ಲಿ ಚಹಾ ಬಂತು, ಡ್ಯಾಮಿನ ಮಾತೂ ಬಂತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ಹರಿದು ಗೇಟೇ ಕೊಚ್ಚಿಹೋಗಿತ್ತಲ್ಲ, ಅದು. "ಡ್ಯಾಮಿನ ಚೈನಿಗೇ ಎಣ್ಣಿ ಹಾಕೋರಿಲ್ಲ ಅಂದಮ್ಯಾಲ ನಿನ್ನ ಸೈಕಲ್ ಚೈನಿಗೆ ಯಾರು ಹಾಕ್ತಾರೋ ತಮ್ಮಾ" ಎಂದು ಚಾಚಾ ಚೈನು ಏರಿಸಿದರು.

ಹೊಸ ಕಾಟರ್ ಪಿನ್ನುಗಳ ಚಪ್ಪಟೆ ಮೈಗೆ ಎರಡೆರಡು ಸಲ ಅರ ಎಳೆದು ಹೊಂದಿಸಿ ಕೂರಿಸಿದರು. ಒಂದು ಬದಿಯ ಪಿನ್ನಿನ ನಟ್ಟು ಮೇಲೆ ನೋಡಿದರೆ ಇನ್ನೊಂದರದು ಕೆಳಗೆ ನೋಡಬೇಕು. ಎರಡೂ ಒಂದೇ ದಿಕ್ಕಿಗೆ ನೋಡಿದರೆ ಪೆಡಲುಗಳು ಒಂದು ಗೆರೆಯಲ್ಲಿ ನಿಲ್ಲುವುದಿಲ್ಲ, ತುಳಿಯುವವನಿಗೆ ಒಂದು ಕಾಲು ಕುಂಟಿದ ಅನುಭವ.

ಗೋಡೆಗೆ ಒರಗಿದ್ದವುಗಳಲ್ಲಿ ನಾಲ್ಕಾರು ಸರ್ಕಾರಿ ಸೈಕಲ್ಲು. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಕೊಡಲು ಶುರುವಾಗಿ, ಕೋವಿಡ್ ಬಂದಾಗ ನಿಂತುಹೋದ ಯೋಜನೆಯವು. ಹೈಸ್ಕೂಲಿರುವ ಊರಿಗೆ ಹುಡುಗಿಯರನ್ನು ಮುಟ್ಟಿಸಿದ ಸೈಕಲ್ಲುಗಳು ಈಗ ಅವರ ಅಪ್ಪಂದಿರ ಕೈಸೇರಿ, ಹೊಲಕ್ಕೆ ಬುತ್ತಿ ಹೊತ್ತು, ಕೈಬದಲಾಗಿ ಇಲ್ಲಿಗೆ ಬರುತ್ತವೆ. ಚಾಚಾ ಅವನ್ನು ಕೊಳ್ಳುವಾಗಲೂ ಮೊದಲು ಕ್ರ್ಯಾಂಕು ಹಿಡಿದು ಅಲುಗಿಸುವವರೇ.

ಹುಡುಗ ಓಣಿಯ ತುದಿಗೆ ಹೋಗಿ ಬಂದ. ಸಪ್ಪಳವಿಲ್ಲ. "ನಾಕು ದಿನ ತುಳದು ಬಾ. ಕಾಟರ್ ಕೂತಿರ್ತಾವ, ನಟ್ ಇನ್ನೊಮ್ಮೆ ಬಿಗಿ ಮಾಡ್ತೀನಿ. ಅದಕ್ಕ ರೊಕ್ಕ ಬ್ಯಾಡ. ಮಳಿಗಾಲ ಮುಗದಮ್ಯಾಲ ಒಮ್ಮೆ ಬಿಚ್ಚಿಸಿ ಗ್ರೀಸ್ ಹಾಕಿಸ್ಕೊ."

"ಚಾಚಾ, ಹಳೇ ಎಕ್ಸೆಲ್ ನಿಮಗ ಬಿಟ್ಟೀನಿ. ಗುಜರಿ ಲೆಕ್ಕದಾಗ ಒಂದಿಷ್ಟು ಮುರಕೊಳ್ರಿ."

"ಮುರಕೊಂಡೇ ಹೇಳೀನಿ. ಗ್ರೀಸಿಂದು ಎಲ್ಲಿ ಹಿಡದೀನಿ?"