ಅಂತರ್ಜಾಲ ಅಂಗಡಿಯಲ್ಲಿ ಬೆಲ್ಲದ ಮಾರಾಟ

ಆಲೆಮನೆಯುಳ್ಳ ರೈತರು ಅಂತರ್ಜಾಲ ಅಂಗಡಿಯ ಮೂಲಕ ಗ್ರಾಹಕರಿಗೆ ನೇರವಾಗಿ ಬೆಲ್ಲ ಮಾರಬಹುದು. ಆದರೆ ಲೆಕ್ಕವಿಲ್ಲದೆ ಆರಂಭಿಸಿದರೆ ದಲ್ಲಾಳಿಯಿಂದ ಉಳಿದ ಹಣ ಸಾಗಾಣಿಕೆಗೇ ಹೋದೀತು. ಆದ್ದರಿಂದ ಈ ಅಂಶಗಳನ್ನು ಗಮನಿಸಬೇಕು.

1. ನೋಂದಣಿ: ಸಣ್ಣ ತಯಾರಕರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪಡೆಯುವುದು ಕಡ್ಡಾಯ. ವಹಿವಾಟು ಮಿತಿಯೊಳಗಿದ್ದು ರಾಜ್ಯದೊಳಗೆ ಮಾತ್ರ ಮಾರುವವರು, 1-10-2023ರಿಂದ ಜಿಎಸ್‌ಟಿ ನೋಂದಣಿಯ ಬದಲು ದಾಖಲಾತಿ ಸಂಖ್ಯೆ ಪಡೆದು ಮಾರಾಟ ಜಾಲತಾಣಗಳಲ್ಲಿ ಮಾರಬಹುದು.

2. ಚೀಟಿ: ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಿಸಿದ ದಿನಾಂಕ, ಗರಿಷ್ಠ ಮಾರಾಟ ಬೆಲೆ ಮತ್ತು ನೋಂದಣಿ ಸಂಖ್ಯೆ ಇರಬೇಕು.

3. ಪೆಟ್ಟಿಗೆ: ಬೆಲ್ಲ ತೇವ ಹೀರುವುದರಿಂದ ಗಾಳಿಯಾಡದ ಚೀಲದಲ್ಲಿ ತುಂಬಿರಿ. ಕೊರಿಯರ್‌ನವರು ಸಾಮಾನ್ಯವಾಗಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು (ಸೆಂ.ಮೀ.) ಗುಣಿಸಿ 5000ದಿಂದ ಭಾಗಿಸುತ್ತಾರೆ, ಈ ಅಂಕಿ ಮತ್ತು ನಿಜವಾದ ತೂಕಗಳಲ್ಲಿ ಹೆಚ್ಚಿನದಕ್ಕೆ ದರ ಹಾಕುತ್ತಾರೆ. 1 ಕಿ.ಗ್ರಾಂ. ಬೆಲ್ಲವನ್ನು 30×20×20 ಪೆಟ್ಟಿಗೆಯಲ್ಲಿಟ್ಟರೆ 2.4 ಕಿ.ಗ್ರಾಂ.ಗೆ ಬಾಡಿಗೆ ತೆರಬೇಕು. 20×15×10 ಪೆಟ್ಟಿಗೆಯಾದರೆ ಬೆಲ್ಲ ಮತ್ತು ಪೆಟ್ಟಿಗೆಯ ತೂಕಕ್ಕಷ್ಟೇ.

4. ಬೆಲೆ: ಬೆಲ್ಲದ ಖರ್ಚಿಗೆ ಪೆಟ್ಟಿಗೆ, ಬಾಡಿಗೆ, ಜಾಲತಾಣದ ಕಮಿಷನ್ ಹಾಗೂ ಹಿಂತಿರುಗುವ ಸರಕಿನ ನಷ್ಟ ಸೇರಿಸಿ ಬೆಲೆ ನಿಗದಿಪಡಿಸಿರಿ.

5. ಹಣ: ಯುಪಿಐ ಮೂಲಕ ಹಣ ಪಡೆಯಲು ಗುಪ್ತಸಂಖ್ಯೆ ಒತ್ತಬೇಕಾಗಿಲ್ಲ. ಒತ್ತಲು ಹೇಳುವವರು ವಂಚಕರೆಂದು ತಿಳಿಯಿರಿ.

ಮೊದಲು ಪರಿಚಿತರ ಹತ್ತು ಮನೆಗಳಿಗೆ ಕಳುಹಿಸಿ, ಬೆಲ್ಲ ಕೆಡದೆ ತಲುಪಿತೇ, ಲಾಭ ಉಳಿಯಿತೇ ಎಂದು ನೋಡಿ ಅನಂತರ ವಿಸ್ತರಿಸುವುದು ಲೇಸು.